ಅಭಾವದ ಜ್ಞಾನ ಮತ್ತು ಮಿದುಳಿನ ಮೌನ

ಇಲ್ಲದಿರುವುದನ್ನು ‘ಇಲ್ಲ’ವೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಭಾರತೀಯ ದಾರ್ಶನಿಕರು ಸೂಕ್ಷ್ಮವಾಗಿ ಚರ್ಚಿಸಿದ್ದಾರೆ. ಕುಮಾರಿಲ ಭಟ್ಟನ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು, ಅಂದರೆ ಕಾಣದಿರುವಿಕೆಯನ್ನು, ಸ್ವತಂತ್ರ ಪ್ರಮಾಣವೆಂದು, ಅಂದರೆ ಜ್ಞಾನಸಾಧನವೆಂದು, ಒಪ್ಪಿದರೆ ನೈಯಾಯಿಕರು ಅದನ್ನು ಪ್ರತ್ಯಕ್ಷಕ್ಕೆ ಸಹಕಾರಿ ಎಂದಷ್ಟೇ ಗಣಿಸಿದರು. ಆದರೂ ವಸ್ತು ಇದ್ದಿದ್ದರೆ ಕಾಣಲೇಬೇಕಿತ್ತು ಎಂಬ ಯೋಗ್ಯತೆ ಇರುವಲ್ಲಿ ಮಾತ್ರ ಕಾಣದಿರುವಿಕೆಯಿಂದ ಅಭಾವ ಸಿದ್ಧವಾಗುತ್ತದೆ ಎಂಬುದರಲ್ಲಿ ಅವರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಬೆಳಕಿನಲ್ಲಿ ಕಾಣದ ಗಡಿಗೆ ಅಲ್ಲಿಲ್ಲವೆನ್ನಬಹುದು, ಕತ್ತಲೆಯಲ್ಲಿ ಹಾಗೆನ್ನಲಾಗದು.

ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಈ ನಿಬಂಧನೆ ಜೀವನ್ಮರಣದ ವಿಷಯವಾಗುತ್ತದೆ. ಆರೋಗ್ಯವಂತರಲ್ಲಿ ನೂರು ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ರಕ್ತನಾಳದಲ್ಲಿ ಹೆಪ್ಪು ಸಿಲುಕಿ ಆ ಪ್ರಮಾಣ ಸುಮಾರು 20ಕ್ಕಿಂತ ಕೆಳಗಿಳಿದಾಗ ನರಕೋಶಗಳ ವಿದ್ಯುತ್ ಚಟುವಟಿಕೆ ನಿಲ್ಲುತ್ತದೆ, ಆದರೆ ಅದು 10ರ ಆಸುಪಾಸಿಗೆ ಕುಸಿಯುವವರೆಗೆ ಕೋಶಪೊರೆಗಳು ತಡೆದುಕೊಂಡಿರಬಲ್ಲವು. ಈ ಎರಡು ಮಿತಿಗಳ ನಡುವೆ ಕೆಲಸ ನಿಲ್ಲಿಸಿಯೂ ಸ್ವಲ್ಪ ಕಾಲ ಜೀವ ಹಿಡಿದಿರುವ ಭಾಗವನ್ನು ಆಸ್ಟ್ರಪ್, ಸೀಸ್ಯೊ ಮತ್ತು ಸೈಮನ್ 1981ರಲ್ಲಿ ‘ಪೆನಂಬ್ರ’, ಅಂದರೆ ಅರೆನೆರಳಿನ ವಲಯ, ಎಂದು ವಿವರಿಸಿದರು. ಹೀಗಿರುವಾಗ ರೋಗಿಯ ಕೈ ಏಳದಿರುವುದರಿಂದ, ಮಾತು ಹೊರಡದಿರುವುದರಿಂದ ಆ ಭಾಗ ಸತ್ತಿದೆ ಎಂದು ತೀರ್ಮಾನಿಸುವುದು ಯೋಗ್ಯತೆಯಿಲ್ಲದ ಅನುಪಲಬ್ಧಿ, ಏಕೆಂದರೆ ಜೀವವಿದ್ದರೂ ಚಲನೆ ಕಾಣದಿರುವುದೇ ಆ ಸ್ಥಿತಿಯ ಲಕ್ಷಣ.

ಇಲ್ಲಿ ನೆರವಾಗುವುದು ಸಿ.ಟಿ. ಪರ್ಫ್ಯೂಷನ್ ಪರೀಕ್ಷೆ. ಅಯೋಡಿನ್‌ಯುಕ್ತ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಅದು ಮಿದುಳನ್ನು ಹಾದುಹೋಗುವಾಗ ಒಂದರ ಹಿಂದೊಂದು ಚಿತ್ರ ತೆಗೆದು, ರಕ್ತ ಎಲ್ಲಿ ಎಷ್ಟು ತಡವಾಗಿ, ಎಷ್ಟು ಕಡಿಮೆ ತಲುಪಿತೆಂಬುದನ್ನು ಲೆಕ್ಕ ಹಾಕಲಾಗುತ್ತದೆ. ಹರಿವು ಸಹಜದ ಶೇ. 30ಕ್ಕಿಂತ ಕಡಿಮೆಯಿರುವುದನ್ನು ಸಾಮಾನ್ಯವಾಗಿ ನಷ್ಟವಾದ ಭಾಗವೆಂದೂ ಅದರ ಸುತ್ತ ರಕ್ತ ಬಹಳ ತಡವಾಗಿ ತಲುಪುವುದನ್ನು ಉಳಿಸಬಹುದಾದ ಭಾಗವೆಂದೂ ಎಣಿಸುತ್ತಾರೆ. ಇಂಥ ಚಿತ್ರಣದ ಆಧಾರದಿಂದ ಆಯ್ದ ರೋಗಿಗಳಲ್ಲಿ 6ರಿಂದ 16 ಗಂಟೆಗಳ ನಂತರವೂ ಹೆಪ್ಪನ್ನು ಹೊರತೆಗೆಯುವುದರಿಂದ ಪ್ರಯೋಜನವಿದೆ ಎಂದು ಅಮೆರಿಕದ ಡಿಫ್ಯೂಸ್ 3 ಅಧ್ಯಯನ 2018ರಲ್ಲಿ ತೋರಿಸಿತು.

ಆದರೆ ಈ ಬಣ್ಣದ ಚಿತ್ರವೂ ಪ್ರತ್ಯಕ್ಷವಲ್ಲ, ಅನುಮಾನ, ಅಂದರೆ ಕುರುಹಿನಿಂದ ಮಾಡುವ ತೀರ್ಮಾನ. ಹರಿವಿನ ಇಳಿಕೆ ಇಲ್ಲಿ ಹೇತು, ಅಂದರೆ ಕುರುಹು; ಕೋಶಗಳ ಸಾವು ‘ಸಾಧ್ಯ’, ಅಂದರೆ ಅದರಿಂದ ಸಾಧಿಸಬೇಕಾದದ್ದು. ಇವೆರಡರ ನಡುವಿನ ನಿಯತ ಸಂಬಂಧ, ಅಂದರೆ ವ್ಯಾಪ್ತಿ, ಕಾಲವನ್ನು ಅವಲಂಬಿಸಿದೆ. ಮೊದಲ ಗಂಟೆಗಳಲ್ಲಿ ನಷ್ಟವಾಯಿತೆಂದು ಗುರುತಿಸಿದ ಭಾಗ ರಕ್ತ ಬೇಗ ಮರಳಿದಾಗ ಬದುಕುಳಿದದ್ದುಂಟು. ತರ್ಕಶಾಸ್ತ್ರದ ಮಾತಿನಲ್ಲಿ ಇದು ವ್ಯಭಿಚಾರ, ಹೇತುವಿದ್ದೂ ‘ಸಾಧ್ಯ’ ಇಲ್ಲದಿರುವ ದೋಷ. 2022 ಮತ್ತು 2023ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ವ್ಯಾಪಕ ಹಾನಿ ಕಂಡ ರೋಗಿಗಳಲ್ಲಿಯೂ, ಅನೇಕರಿಗೆ ತೀವ್ರ ಅಂಗವೈಕಲ್ಯ ಉಳಿದರೂ, ಹೆಪ್ಪನ್ನು ಹೊರತೆಗೆಯುವ ಚಿಕಿತ್ಸೆಯಿಂದ ಒಟ್ಟಾರೆ ಒಳಿತಾಯಿತು.

ಆದ್ದರಿಂದ ‘ಇದೆ’ ಎಂಬ ಮಾತಿಗಿಂತ ‘ಇನ್ನಿಲ್ಲ’ ಎಂಬ ಮಾತಿಗೆ ಕಠಿಣತರ ಪ್ರಮಾಣ ಬೇಕು. ಚಿಕಿತ್ಸೆಗೆ ರಕ್ತಸ್ರಾವದಂಥ ಅಪಾಯಗಳಿರುವುದರಿಂದ ವಿವೇಚನೆ ಅನಿವಾರ್ಯವೇ. ಆದರೆ ಆ ವಿವೇಚನೆ ಚಿತ್ರವನ್ನು ತೀರ್ಪಾಗಿ ಅಲ್ಲ, ಸಾಕ್ಷ್ಯವಾಗಿ ಓದಬೇಕು, ಏಕೆಂದರೆ ಇಲ್ಲಿ ತಪ್ಪು ಅಭಾವಜ್ಞಾನದ ಬೆಲೆ ತೆರುವವನು ತನ್ನ ಪರವಾಗಿ ಮಾತನಾಡಲಾಗದ ಮನುಷ್ಯ.