ಹಬ್ಬದ ಎಡೆಯೂ ಪ್ರಸಾದಬುದ್ಧಿಯೂ



ಕಳೆದ ದೀಪಾವಳಿಯ ತರುವಾಯ ಗೃಹಸ್ಥರೊಬ್ಬರು ಮಠಕ್ಕೆ ಬಂದು ತಮ್ಮ ಮನೆಯ ವ್ಯಾಜ್ಯವೊಂದನ್ನು ನನ್ನ ಮುಂದಿಟ್ಟರು. ಪಟ್ಟಣದಲ್ಲಿ ದುಡಿಯುವ ಮಗನು ಹಬ್ಬಕ್ಕೆ ಬರುವಾಗ ಬೆಳ್ಳಿಯ ವರಕು ಹೊದಿಸಿದ ಗೋಡಂಬಿ ಬರ್ಫಿಯ ಪೆಟ್ಟಿಗೆಯೊಂದನ್ನು ತಂದನಂತೆ. ಅದರ ಬೆಲೆಯನ್ನು ಕೇಳಿ ಇವರಿಗೆ ಸಿಟ್ಟು ಬಂದಿತು. “ಇಷ್ಟು ದುಡ್ಡಿಗೆ ಮನೆಗೆ ತಿಂಗಳ ಜೋಳ ಬರುತ್ತಿತ್ತು” ಎಂದುಬಿಟ್ಟರು. ಮಗನು ನೊಂದು ಹಬ್ಬದ ಊಟಕ್ಕೇ ಕೂಡಲಿಲ್ಲ. “ಮಾಸ್ತರರೇ, ತಪ್ಪು ನನ್ನದೋ ಅವನದೋ ಹೇಳಿರಿ” ಎಂದು ಕೇಳಿದರು. ನಾನು ಕೂಡಲೇ ಉತ್ತರಿಸಲಿಲ್ಲ.

ಶರಣಧರ್ಮವು ನಾಲಿಗೆಯ ಸವಿಯನ್ನೇ ನಿಂದಿಸಿತೆಂದು ಕೆಲವರು ಭಾವಿಸಿರುವರು. ಅರ್ಪಿತದ ಕ್ರಮವನ್ನು ಬಲ್ಲವರು ಹಾಗೆ ಹೇಳಲಾರರು. ಪದಾರ್ಥದ ರೂಪು ಇಷ್ಟಲಿಂಗಕ್ಕೆ, ರುಚಿ ಪ್ರಾಣಲಿಂಗಕ್ಕೆ, ತೃಪ್ತಿ ಭಾವಲಿಂಗಕ್ಕೆ ಸಲ್ಲತಕ್ಕದ್ದು. ಹೀಗೆ ಸಂದ ಬಳಿಕವೇ ಪದಾರ್ಥವು ಪ್ರಸಾದವಾಗುವುದು. ರುಚಿಯು ಹೇಯವಾದುದಾದರೆ ಅದನ್ನು ಲಿಂಗಕ್ಕೆ ಅರ್ಪಿಸೆಂದು ಹಿರಿಯರು ವಿಧಿಸುತ್ತಿದ್ದರೇ? ಹೂರಣದ ಹೋಳಿಗೆಗೆ ತುಪ್ಪ ಬಡಿಸಿಕೊಂಡು ಮುಖ ಗಂಟಿಕ್ಕಿ ಉಣ್ಣುವುದು ವೈರಾಗ್ಯವಲ್ಲ. ಅದು ಬೆಳಗಿನ ಜಾವದಿಂದ ಒಲೆಯ ಮುಂದೆ ಕುಳಿತ ತಾಯಿಗೆ ತೋರುವ ಅಗೌರವ.

ಆದರೆ ಇದೇ ಕ್ರಮದಿಂದ ಆ ವರಕನ್ನು ಪರೀಕ್ಷಿಸಿ ನೋಡಿರಿ. ಅದಕ್ಕೆ ರುಚಿಯಿಲ್ಲ, ಪರಿಮಳವಿಲ್ಲ. ರೂಪಿಗೆ ಒಂದಿಷ್ಟು ಥಳಕು ಬಂದೀತು, ಅಷ್ಟೇ. ಪೆಟ್ಟಿಗೆಯ ಒಳಗೆ ಹಾಸಿದ ಮಖಮಲ್ಲಾದರೋ ಯಾವ ಲಿಂಗಕ್ಕೂ ಮುಟ್ಟದು. ಅದು ಮುಟ್ಟುವುದು ನೆರೆಮನೆಯವರ ಕಣ್ಣಿಗೆ. ಕೇಸರಿಯ ಮಾತು ಬೇರೆ. ಬೆಲೆ ಹೆಚ್ಚಾದರೂ ಚಿಟಿಕೆಯಷ್ಟು ಹಾಕಿದರೆ ಪಾಯಸವೆಲ್ಲ ಘಮಘಮಿಸುತ್ತದೆ. ಆದುದರಿಂದ ದುಬಾರಿಯಾದುದೆಲ್ಲ ದುಂದೆಂದೂ ಅಗ್ಗವಾದುದೆಲ್ಲ ಭಕ್ತಿಯೆಂದೂ ತಿಳಿಯತಕ್ಕದ್ದಲ್ಲ. ಮಾದಾರ ಚೆನ್ನಯ್ಯನ ಅಂಬಲಿಯನ್ನು ಶಿವನು ಮೆಚ್ಚಿ ಉಂಡು, ಚೋಳರಾಜನ ನೈವೇದ್ಯವನ್ನು ಮುಟ್ಟದೆ ಬಿಟ್ಟ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಹಬ್ಬದ ದಿನ ಆಳುಮಕ್ಕಳಿಗೆ ನೀರು ಮಜ್ಜಿಗೆ ಬಡಿಸಿ ಈ ಕಥೆಯನ್ನು ಹೇಳುವ ಸಾಹುಕಾರರನ್ನೂ ನಾನು ಕಂಡಿದ್ದೇನೆ! ಚೆನ್ನಯ್ಯನು ತನಗಿದ್ದುದನ್ನೇ ಇಟ್ಟನು. ಇವರು ಇರುವುದನ್ನು ಬಚ್ಚಿಡುವರು.

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದಾಗ ಸತಿ ಲಕ್ಕಮ್ಮನವರು ಅದನ್ನು ಮನೆಯೊಳಗೆ ಬರಗೊಡಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಲು ಕಳುಹಿದರು. ಅದು ಬೆಲೆಬಾಳುವ ಭಕ್ಷ್ಯವಲ್ಲ, ನೆಲದ ಮೇಲೆ ಬಿದ್ದ ಅಕ್ಕಿ. ಆದರೂ ಆ ತಾಯಿ ನೋಡಿದ್ದು ಅಳತೆಯನ್ನು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು (1907–2019) ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ಉಣಿಸಿದ್ದು ಮುದ್ದೆ, ಅನ್ನ, ಸಾರುಗಳನ್ನು. ಅಲ್ಲಿ ಉಂಡು ಬೆಳೆದವರು ಮುದುಕರಾದರೂ ಆ ಊಟವನ್ನು ಮರೆತಿಲ್ಲ.

ಇನ್ನು ನಾನು ಉತ್ತರಿಸಲು ತಡೆದ ಕಾರಣವನ್ನು ಹೇಳಬೇಕು. ಬಹಳ ವರ್ಷಗಳ ಹಿಂದೆ ನಮ್ಮ ಶಾಲೆಯ ಹುಡುಗನೊಬ್ಬನ ಮನೆಗೆ ಯುಗಾದಿಯ ಊಟಕ್ಕೆ ಹೋಗಿದ್ದೆನು. ಬಡವರ ಮನೆ. ಹೋಳಿಗೆ, ಶಾವಿಗೆ ಪಾಯಸ, ಕರಿಗಡುಬುಗಳ ಮೇಲೆ ಪೇಟೆಯಿಂದ ತರಿಸಿದ ಫೇಣಿಯನ್ನೂ ಬಡಿಸಿದರು. ಫೇಣಿಯನ್ನು ನಾನು ಎರಡು ಸಲ ಕೇಳಿ ಹಾಕಿಸಿಕೊಂಡೆನು, ಬಾಯ್ತುಂಬ ಹೊಗಳಿದೆನು. ಮಳೆಗಾಲದಲ್ಲಿ ಹುಡುಗನು ಮಾತಿನ ನಡುವೆ, ನೀರು ಕಾಯಿಸುವ ತಾಮ್ರದ ಹಂಡೆಯನ್ನು ಅವ್ವ ಯುಗಾದಿಗೆ ಒತ್ತೆಯಿಟ್ಟಿದ್ದು ಇನ್ನೂ ಬಿಡಿಸಿಲ್ಲವೆಂದನು. ಮಾಸ್ತರರು ಬರುವರು, ಬರಿಯ ಹೋಳಿಗೆ ಇಟ್ಟರೆ ಮಾನ ಹೋಗುತ್ತದೆಂದು ಆ ತಾಯಿ ಹೆದರಿದ್ದಳಂತೆ. ತರಗತಿಯಲ್ಲಿ ಲಕ್ಕಮ್ಮನವರ ಕಥೆಯನ್ನು ವರ್ಷವರ್ಷವೂ ಹೇಳುತ್ತಿದ್ದವನು ನಾನೇ! ಮರುಎಳ್ಳಮಾವಾಸ್ಯೆಗೆ ಅವರ ಹೊಲಕ್ಕೆ ಕರೆಯದೆ ಹೋಗಿ, “ತಂಗೀ, ಒಂದು ಸಜ್ಜೆಯ ರೊಟ್ಟಿ ಕೊಡವ್ವಾ” ಎಂದು ಕೈಯೊಡ್ಡಿದೆನು. ಪುಂಡಿಪಲ್ಯ ಹಚ್ಚಿ ಕೊಟ್ಟಳು. ಹಂಡೆಯ ಮಾತನ್ನೆತ್ತುವ ಧೈರ್ಯ ಮಾತ್ರ ಬರಲಿಲ್ಲ.

ಆದುದರಿಂದ ಆ ಗೃಹಸ್ಥರನ್ನು ಮೊದಲು ಕೇಳಿದ್ದು ಇಷ್ಟೇ: ಮಗನು ಸಾಲ ಮಾಡಿ ತಂದನೇ? ಇಲ್ಲ, ಸಂಬಳದ ದುಡ್ಡು. ನಿಮ್ಮ ಮೇಲಿನ ಮಮತೆಯಿಂದ ತಂದನೋ, ಬೀಗರಿಗೆ ತೋರಿಸಲೋ? ಅವರು ತುಸು ಹೊತ್ತು ಸುಮ್ಮನಿದ್ದು, “ನನಗೆ ಹಲ್ಲಿಲ್ಲ, ಮೆತ್ತಗಿರುತ್ತದೆಂದು ತಂದೆನೆಂದ” ಎಂದರು. ಹಾಗಾದರೆ ಬರುವ ವರ್ಷ ವರಕಿಲ್ಲದ್ದನ್ನು, ಇದರ ಅರ್ಧದಷ್ಟು ತಂದರೆ ಸಾಕೆಂದು ಮುಂಚಿತವಾಗಿ ಹೇಳಿರಿ. ಹಬ್ಬದ ದಿನ ಹೇಳುವ ಮಾತಲ್ಲ ಅದು ಎಂದೆನು. ಪೆಟ್ಟಿಗೆ ಏನಾಯಿತೆಂದು ವಿಚಾರಿಸಲು, ಯಾರೂ ಮುಟ್ಟದೆ ಕಪಾಟಿನಲ್ಲಿಯೇ ಇದೆಯೆಂದರು! ದುಡ್ಡು ಹೋದುದಕ್ಕೆ ಮರುಗುವವರು ಪದಾರ್ಥವನ್ನು ಕೆಡಿಸಬಹುದೇ? ಈ ಸಂಜೆಯೇ ಬಿಚ್ಚಿ, ಲಿಂಗಕ್ಕೆ ಅರ್ಪಿಸಿ, ಓಣಿಯ ಮಕ್ಕಳಿಗೆಲ್ಲ ಹಂಚಿ, ಒಂದನ್ನು ನೀವೂ ಬಾಯಲ್ಲಿಟ್ಟುಕೊಂಡು, ಅದು ಹೇಗಿತ್ತೆಂಬುದನ್ನು ಮಗನಿಗೆ ದೂರವಾಣಿಯಲ್ಲಿ ನೀವೇ ತಿಳಿಸಿರಿ ಎಂದು ಹೇಳಿ ಕಳುಹಿದೆನು.