ಪಣ ಮತ್ತು ಪರಿಣತಿ

ಮನುಷ್ಯನ ಯೋಗ್ಯತೆಯನ್ನು ಅಳೆಯುವುದು ಒಂದು ವಿದ್ಯೆ. ಆ ಅಳತೆಯ ಮೇಲೆ ಹಣ ಹೂಡುವುದು ಬೇರೆಯೇ ಒಂದು ಕರ್ಮ. ಇವೆರಡನ್ನೂ ಬೆಸೆದ ಆಟವೊಂದು ಇತ್ತೀಚಿನ ವರ್ಷಗಳಲ್ಲಿ ನಮ್ಮ ಯುವಕರ ಮೊಬೈಲಿನಲ್ಲಿ ಮನೆಮಾಡಿತು. ಅದಕ್ಕೆ ಫ್ಯಾಂಟಸಿ ಕ್ರಿಕೆಟ್ ಎಂದು ಹೆಸರು. ನಡೆಯಲಿರುವ ಪಂದ್ಯದ ಎರಡೂ ತಂಡಗಳಿಂದ ಹನ್ನೊಂದು ಮಂದಿಯನ್ನು ಆರಿಸಿ ತನ್ನದೊಂದು ಕಾಲ್ಪನಿಕ ತಂಡವನ್ನು ಕಟ್ಟಬೇಕು. ಪ್ರತಿ ಆಟಗಾರನಿಗೂ ಒಂದು ಬೆಲೆಯುಂಟು. ಒಟ್ಟು ಬೆಲೆ ನಿಗದಿಯಾದ ಮಿತಿಯನ್ನು ದಾಟಬಾರದು. ನಾಯಕನೆಂದು ಗುರುತಿಸಿದವನ ಅಂಕ ಎರಡು ಪಟ್ಟು, ಉಪನಾಯಕನದು ಒಂದೂವರೆ ಪಟ್ಟು. ಪ್ರವೇಶಧನ ಕಟ್ಟಿದವರಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಬಹುಮಾನ. ಇದು ಜೂಜಲ್ಲ, ಪರಿಣತಿಯ ಆಟ ಎಂಬುದು ಆಡುವವರ ವಾದ. ಪರಿಣತಿ ಇದ್ದ ಮಾತ್ರಕ್ಕೆ ಪಣ ಧರ್ಮಸಮ್ಮತವಾಗುತ್ತದೆಯೇ ಎಂಬುದು ಇಲ್ಲಿಯ ಜಿಜ್ಞಾಸೆ.

ಮೊದಲು ಆ ವಾದದಲ್ಲಿರುವ ಸತ್ಯವನ್ನು ಒಪ್ಪೋಣ. ಪಿಚ್ಚಿನ ಗುಣ, ಎದುರಾಳಿಯ ಬಲ, ಆಟಗಾರನ ಗಾಯದ ಇತಿಹಾಸ ಇವನ್ನೆಲ್ಲ ತೂಗಿ ನೋಡಬೇಕು. ನಿತ್ಯ ಮೂವತ್ತು ರನ್ ತರುವವನು ಬೇಕೋ, ಒಮ್ಮೆ ನೂರು ಹೊಡೆದು ಮೂರು ಸಲ ಸೊನ್ನೆಗೆ ಮರಳುವವನು ಬೇಕೋ ಎಂದು ನಿರ್ಧರಿಸಬೇಕು. 1980ರಲ್ಲಿ ಅಮೆರಿಕದ ಲೇಖಕ ಡೇನಿಯಲ್ ಒಕ್ರೆಂಟ್ ತನ್ನ ಗೆಳೆಯರೊಡನೆ ಬೇಸ್‌ಬಾಲ್ ಆಟಗಾರರನ್ನು ಹೀಗೆ ಹಂಚಿಕೊಂಡು ಆಡಿದಾಗಲೂ ಇದೇ ವಿವೇಚನೆಯೇ ಆಟದ ಜೀವಾಳವಾಗಿತ್ತು. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ರಾಜನು ದಾರಿಯ ಮರವೊಂದನ್ನು ನೋಡಿದೊಡನೆ ಅದರ ಎಲೆ, ಕಾಯಿಗಳ ಲೆಕ್ಕ ಹೇಳುತ್ತಾನೆ. ನಳನು ಮರ ಕಡಿದು ಎಣಿಸಿದಾಗ ಲೆಕ್ಕ ಸರಿಯಾಗಿಯೇ ಇರುತ್ತದೆ. ಅಂದಾಜಿನ ವಿದ್ಯೆಗೆ ನಮ್ಮಲ್ಲಿ ಅಷ್ಟು ಹಳೆಯ ಗೌರವವಿದೆ.

ಆದರೆ ಆ ವಿದ್ಯೆಗೆ ಎಲ್ಲೆಯೂ ಇದೆ. 2024ರ ನವೆಂಬರಿನಲ್ಲಿ ಜೆಡ್ಡಾ ನಗರದಲ್ಲಿ ನಡೆದ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್ ಅವರಿಗೆ ಲಖನೌ ತಂಡ 27 ಕೋಟಿ ರೂಪಾಯಿ ಕೊಟ್ಟಿತು. ಮುಂದಿನ ಋತುವಿನಲ್ಲಿ ಅವರು ಗಳಿಸಿದ್ದು 269 ರನ್. ಅದರಲ್ಲಿ ಅಜೇಯ 118 ಕೊನೆಯ ಪಂದ್ಯವೊಂದರಲ್ಲೇ ಬಂದವು. ಪರಿಣತರ ಪಡೆಯನ್ನೇ ಇಟ್ಟುಕೊಂಡವರ ಲೆಕ್ಕವೂ ಹೀಗೆ ತಪ್ಪಬಲ್ಲದು. ಇನ್ನು ನಮ್ಮ ಅನಿಲ್ ಕುಂಬ್ಳೆಯವರು 2002ರಲ್ಲಿ ಆಂಟಿಗುವಾದಲ್ಲಿ, ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಬೌಲ್ ಮಾಡಿ ಬ್ರಯಾನ್ ಲಾರಾ ಅವರ ವಿಕೆಟ್ ಪಡೆದರು. ಅಂಕಪಟ್ಟಿ ಅದನ್ನು ಒಂದು ವಿಕೆಟ್ ಎಂದಷ್ಟೇ ಬರೆದುಕೊಳ್ಳುತ್ತದೆ.

ನ್ಯಾಯಾಲಯಗಳು ಬಹುಕಾಲ ವಿಚಾರಿಸಿದ್ದು ಪರಿಣತಿಯನ್ನೇ. ಸಿಕಂದರಾಬಾದಿನ ಕ್ಲಬ್ಬೊಂದರ ರಮ್ಮಿ ಆಟದ ಮೊಕದ್ದಮೆಯಲ್ಲಿ, ರಮ್ಮಿಯು ಮುಖ್ಯವಾಗಿ ಪರಿಣತಿಯ ಆಟವೆಂದು ಸರ್ವೋಚ್ಚ ನ್ಯಾಯಾಲಯ 1960ರ ದಶಕದಲ್ಲಿ ಹೇಳಿತು. 2017ರಲ್ಲಿ ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ ಫ್ಯಾಂಟಸಿ ಕ್ರೀಡೆಗೂ ಅದೇ ಮಾತನ್ನು ಅನ್ವಯಿಸಿತು. ಅದೇ ವರ್ಷ ತೆಲಂಗಾಣ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ನಿಷೇಧವನ್ನು ಅಲ್ಲಿಯ ಉಚ್ಚ ನ್ಯಾಯಾಲಯ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. ಹೀಗಾಗಿ ಜಹೀರಾಬಾದ್, ನಾರಾಯಣಖೇಡಗಳಲ್ಲಿ ಅಪರಾಧವಾದದ್ದು ನೆರೆಯ ಬೀದರ್ ಜಿಲ್ಲೆಯಲ್ಲಿ ವಿನೋದವಾಯಿತು. ತಾಂಡೂರಿನಲ್ಲಿ ಸಲ್ಲದ್ದು ಕಲಬುರಗಿ ಜಿಲ್ಲೆಯಲ್ಲಿ ಸಂದಿತು. ಗಡಿನಾಡಿನ ನಾವು ಭಾಷೆಯನ್ನೂ ನೆಂಟಸ್ತಿಕೆಯನ್ನೂ ಗಡಿಯಾಚೆಗೆ ಒಯ್ಯುತ್ತೇವೆ. ಆದರೆ ಒಂದೇ ಕೆಲಸ ಚೆಕ್‌ಪೋಸ್ಟಿನ ಈಚೆಗೆ ಪಾಪ, ಆಚೆಗೆ ಪುಣ್ಯ ಆಗಲಾರದಷ್ಟೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಪರಿಣತಿ, ಅದೃಷ್ಟಗಳ ಭೇದವನ್ನೇ ಬದಿಗಿಟ್ಟು, ಹಣದ ಪಣವನ್ನೇ ನಿಷೇಧಿಸಿತು. ಅದರ ಬೆನ್ನಲ್ಲೇ ಡ್ರೀಮ್ ಇಲೆವೆನ್ ಸಂಸ್ಥೆ ಹಣದ ಸ್ಪರ್ಧೆಗಳನ್ನು ನಿಲ್ಲಿಸಿತು.

ಕಾನೂನು ನಾಳೆ ಮತ್ತೆ ಬದಲಾಗಬಹುದು. ನೀತಿಯ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಇಂಥ ಆಟದಲ್ಲಿ ಬಹುಮಾನದ ಹಣ ಎಲ್ಲಿಂದ ಬರುತ್ತದೆ? ಎಲ್ಲರೂ ಕಟ್ಟಿದ ಪ್ರವೇಶಧನದಲ್ಲಿ ವ್ಯವಸ್ಥಾಪಕರ ಪಾಲು ಕಳೆದು ಉಳಿದದ್ದೇ ಬಹುಮಾನ. ಆದ್ದರಿಂದ ಪರಿಣತನ ಗೆಲುವೆಂದರೆ ಅಪರಿಣತರ ಸೋಲಿನ ಮೊತ್ತ. ಪರಿಣತಿ ಹೆಚ್ಚಿದಷ್ಟೂ ಅರಿಯದವನ ಜೇಬು ಬರಿದಾಗುವುದು ಹೆಚ್ಚು ಖಚಿತ. ಧರ್ಮರಾಯನಿಗೆ ದ್ಯೂತದ ಮೇಲೆ ಪ್ರೀತಿಯಿತ್ತು, ನೈಪುಣ್ಯವಿರಲಿಲ್ಲ ಎಂಬುದನ್ನು ಬಲ್ಲ ಕಾರಣಕ್ಕೇ ಶಕುನಿ ಅವನನ್ನು ಕರೆಸಿದ. ಅಲ್ಲಿ ಪರಿಣತಿ ತಪ್ಪನ್ನು ತಗ್ಗಿಸಲಿಲ್ಲ, ಹೆಚ್ಚಿಸಿತು.

ಅದೇ ಸಭೆಯಲ್ಲಿ ದ್ರೌಪದಿ ದಾಳಗಳ ನೈಪುಣ್ಯವನ್ನು ಕುರಿತು ಕೇಳಲಿಲ್ಲ. ತನ್ನನ್ನೇ ಮೊದಲು ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕೆಲ್ಲಿಯದು ಎಂದು ಕೇಳಿದಳು. ಭೀಷ್ಮನಂಥವನೂ ಉತ್ತರಿಸಲು ತಡವರಿಸಿದ. ಇಂದಿಗೂ ಕೇಳಬೇಕಾದದ್ದು ಅದನ್ನೇ: ಪಣಕ್ಕಿಟ್ಟದ್ದು ಯಾರದು? ಮಗನ ಬೆರಳು ಒತ್ತಿದ ಗುಂಡಿಯ ಹಿಂದೆ ತಾಯಿಯ ಔಷಧದ ಹಣವೋ ತಂಗಿಯ ಕಾಲೇಜಿನ ಶುಲ್ಕವೋ ಇದ್ದರೆ, ಅವನು ಎಷ್ಟೇ ಜಾಣನಾಗಿದ್ದರೂ ತನ್ನದಲ್ಲದ್ದನ್ನು ಪಣಕ್ಕಿಟ್ಟವನೇ.

ಒಕ್ಕಲುತನವೂ ಜೂಜಲ್ಲವೇ ಎಂದು ಕೆಲವರು ಕೇಳುವುದುಂಟು. ಮುಂಗಾರನ್ನು ನಂಬಿ ಬೀಜ ಚೆಲ್ಲುವವನೂ ಅನಿಶ್ಚಿತಕ್ಕೇ ಕೈಹಾಕುತ್ತಾನೆ, ನಿಜ. ಆದರೆ ನಮ್ಮ ಸೀಮೆಯ ರೈತನ ತಂಡದ ಆಯ್ಕೆಯನ್ನು ನೋಡಿರಿ. ತೊಗರಿಯ ಸಾಲುಗಳ ನಡುವೆ ಜೋಳ, ಹೆಸರು, ಉದ್ದು ಬಿತ್ತುತ್ತಾನೆ. ಹೆಸರು, ಉದ್ದು ಬೇಗ ಕೈಗೆ ಬರುತ್ತವೆ. ಆಳಕ್ಕೆ ಬೇರಿಳಿಸಿದ ತೊಗರಿ ಮಳೆ ಕೈಕೊಟ್ಟಾಗಲೂ ತಡೆದುಕೊಳ್ಳುತ್ತದೆ. 2022ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ತಾಂಡೂರಿನ ತೊಗರಿಯ ಹಿಂದೆ ಇಂಥ ತಲೆಮಾರುಗಳ ಅರಿವಿದೆ. ಜಹೀರಾಬಾದ್ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳಾ ಸಂಘಗಳು ಬಗೆಬಗೆಯ ಸಿರಿಧಾನ್ಯದ ಬೀಜಗಳನ್ನು ಕಾಪಾಡಿ, ಒಂದೇ ಹೊಲದಲ್ಲಿ ಹಲವು ಬೆಳೆ ಬೆಳೆದು, 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಗೆ ಪಾತ್ರವಾದವು. ಇಲ್ಲಿ ಅಪಾಯವನ್ನು ಯಾರೂ ಬಯಸಿ ತಂದುಕೊಂಡದ್ದಲ್ಲ; ಇರುವ ಅಪಾಯವನ್ನು ಹಂಚಿ ಹಗುರಮಾಡಲು ಪರಿಣತಿ ದುಡಿಯುತ್ತದೆ. ಬೆಳೆ ಬಂದರೆ ನೆರೆಯವನ ಹೊಟ್ಟೆಯೂ ತುಂಬುತ್ತದೆ. ಯಾರ ಸೋಲೂ ಆ ಗೆಲುವಿನ ಬಂಡವಾಳವಲ್ಲ.

ಆದ್ದರಿಂದ ಯುವಕರಿಗೆ ಆಟವನ್ನೇ ತೊರೆಯಿರೆಂದು ಹೇಳಬೇಕಾಗಿಲ್ಲ. ಹಣವಿಲ್ಲದೆ ಗೆಳೆಯರೊಡನೆ ಕಾಲ್ಪನಿಕ ತಂಡ ಕಟ್ಟಲಿ. ಸರಾಸರಿಯನ್ನೂ ಸಂಭವನೀಯತೆಯನ್ನೂ ಅದರಿಂದಲೇ ಕಲಿಯಲಿ. ಆ ತೂಗುವ ಬುದ್ಧಿಯನ್ನು ಊರಿನ ಕಬಡ್ಡಿ ತಂಡದ ಆಯ್ಕೆಗೆ, ಮನೆಯ ಹೊಲದ ಬಿತ್ತನೆಗೆ, ಸಾಲ ತೆಗೆಯುವ ಮುನ್ನಿನ ಲೆಕ್ಕಕ್ಕೆ ಬಳಸಲಿ. ಹಣ ಹೂಡುವ ಪ್ರಸಂಗ ಎಂದಾದರೂ ಬಂದರೆ ಮೂರನ್ನು ಕೇಳಿಕೊಳ್ಳಲಿ: ಇಡುತ್ತಿರುವುದು ನನ್ನದೇ? ಸೋತರೆ ಮನೆಯವರು ನೆಮ್ಮದಿಯಿಂದ ಉಣ್ಣಬಲ್ಲರೇ? ಗೆದ್ದರೆ ಅದು ಯಾರ ಮನೆಯಿಂದ ಬಂದದ್ದು? ಈ ಮೂರಕ್ಕೂ ತಲೆಯೆತ್ತಿ ಉತ್ತರಿಸಬಲ್ಲವನಿಗೆ ಕಾಯ್ದೆಯ ಭಯ ಬೇಕಿಲ್ಲ. ಗಡಿ ದಾಟಿ ಆಡುವ ಆಸೆಯೂ ಹುಟ್ಟದು.