ರಕ್ಕಸನ ಹೊಣೆ ಯಾರದು?

ಭಯದ ಸಿನಿಮಾ ಅಂದ ಕೂಡಲೇ ನಮ್ಮ ಪ್ರಗತಿಪರ ಗೆಳೆಯರು ಮೂಗು ಮುರಿಯುತ್ತಾರೆ. ಅದು ಹಾಲಿವುಡ್ಡಿನ ಅಫೀಮು, ಹುಡುಗರ ಜೇಬು ಕತ್ತರಿಸುವ ಸರಕು, ಅದರಲ್ಲಿ ವಿಚಾರ ಏನಿದ್ದೀತು ಅಂತ ಕೇಳ್ತಾರೆ. ಅಂಥ ಸಿನಿಮಾಗಳಲ್ಲಿ ಬಹುಪಾಲಿನ ಬಗ್ಗೆ ಈ ಮಾತು ನಿಜವೇ. ಜಗಳಕ್ಕೆ ಹೋಗುವುದಿಲ್ಲ ನಾವು. ಆದರೆ ವಿಜ್ಞಾನವನ್ನೂ ಭಯವನ್ನೂ ಬೆರೆಸಿದ ಕೆಲವು ಹಳೆಯ ಚಿತ್ರಗಳು ಸಾಯಲೊಲ್ಲವು. 1954ರ ಜಪಾನಿನ 'ಗೊಜಿರಾ' 2023ರಲ್ಲಿ ಮತ್ತೆ ಸಮುದ್ರದಿಂದೆದ್ದು ಬಂದು ಮರುವರ್ಷ ಆಸ್ಕರ್ ಹೊಡೆಯಿತು. 1979ರ 'ಏಲಿಯನ್' ವಂಶಕ್ಕೆ 2024ರಲ್ಲಿ ಇನ್ನೊಂದು ಕೂಸು ಹುಟ್ಟಿತು. 'ಫ್ರಾಂಕೆನ್‌ಸ್ಟೈನ್' ಕಥೆಯನ್ನು ಗಿಲೆರ್ಮೊ ಡೆಲ್ ಟೊರೊ 2025ರಲ್ಲಿ ಮತ್ತೆ ತೆರೆಗೆ ತಂದರು. ರಬ್ಬರಿನ ವೇಷ, ಬಣ್ಣ ಮೆತ್ತಿದ ಮುಖ ನೋಡಿ ಇವತ್ತಿನ ಹುಡುಗರು ನಗುತ್ತಾರೆ. ಆದರೂ ನೋಡ್ತಾರೆ. ಯಾಕೆ?

ಹಲ್ಲು, ಉಗುರಿಗೆ ಹೆದರುವ ವಯಸ್ಸು ಬೇಗ ದಾಟುತ್ತದೆ. ದಾಟದೆ ಉಳಿಯುವುದು ಒಂದು ಕೇಳ್ವಿ: ಒಬ್ಬ ಮಾಡಿದ್ದಕ್ಕೆ ಇನ್ನೊಬ್ಬ ಸುಟ್ಟುಹೋದರೆ ಅದು ಯಾವ ನ್ಯಾಯ?

1931ರ 'ಫ್ರಾಂಕೆನ್‌ಸ್ಟೈನ್' ಚಿತ್ರವನ್ನೇ ತೆಗೆದುಕೊಳ್ಳೋಣ. ನಿರ್ದೇಶಕ ಜೇಮ್ಸ್ ವೇಲ್. ಮೂಲ ಕಾದಂಬರಿ ಮೇರಿ ಶೆಲ್ಲಿಯದು, 1818ರಲ್ಲಿ ಅಚ್ಚಾದದ್ದು. ಬರೆಯಲು ಕೂತಾಗ ಆಕೆಗಿನ್ನೂ 18 ವರ್ಷ. ಹೆಣದ ತುಂಡುಗಳನ್ನು ಹೊಲಿದು ಜೀವ ತುಂಬುವ ವಿಜ್ಞಾನಿಯ ಹೆಸರು ಫ್ರಾಂಕೆನ್‌ಸ್ಟೈನ್. ಹಾಗೆ ಹುಟ್ಟಿದವನಿಗೆ ಹೆಸರೇ ಇಲ್ಲ. ಸಿನಿಮಾದ ಆರಂಭದ ಪಟ್ಟಿಯಲ್ಲಿ ಆ ಪಾತ್ರದ ಎದುರು ನಟನ ಹೆಸರಿನ ಜಾಗದಲ್ಲೂ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಮುಂದೆ ಜನ ಮಾಡಿದವನ ಹೆಸರನ್ನೇ ಮಾಡಲ್ಪಟ್ಟವನಿಗೆ ಅಂಟಿಸಿದರು. ಒಡೆಯ ತನ್ನ ಪಾಪವನ್ನಷ್ಟೇ ಅಲ್ಲ, ಹೆಸರನ್ನೂ ಅವನ ತಲೆಗೆ ಕಟ್ಟಿ ಕೈ ತೊಳೆದುಕೊಂಡ. (ಆ ಪ್ರಶ್ನಾರ್ಥಕದ ಹಿಂದಿದ್ದ ನಟ ಬೋರಿಸ್ ಕಾರ್ಲಾಫ್. ಅವಕಾಶ ಸಿಗದ ದಿನಗಳಲ್ಲಿ ಲಾರಿ ಓಡಿಸಿ ಹೊಟ್ಟೆ ಹೊರೆದವನು. 1933ರಲ್ಲಿ ಹಾಲಿವುಡ್ ನಟರ ಸಂಘ ಹುಟ್ಟಿದಾಗ ಅದರ ಮೊದಲ ಸದಸ್ಯರಲ್ಲಿ ಒಬ್ಬ. ರಕ್ಕಸನ ವೇಷ ಹಾಕಿದವನು ಸಂಘ ಕಟ್ಟಲು ಹೋದ ಅನ್ನುವುದು ನಮಗೆ ಖುಷಿ ಕೊಡುವ ಸಂಗತಿ.)

ಕಾದಂಬರಿಯಲ್ಲಿ ಇಲ್ಲದ ಒಂದು ಸಂಗತಿಯನ್ನು ಸಿನಿಮಾದವರು ಸೇರಿಸಿದರು. ವೈದ್ಯಕೀಯ ಕಾಲೇಜಿನ ಪಾಠದ ಕೋಣೆ. ಪ್ರೊಫೆಸರ ಮುಂದೆ ಎರಡು ಜಾಡಿ. ಒಂದರಲ್ಲಿ ಸಭ್ಯನ ಮೆದುಳು, ಇನ್ನೊಂದರಲ್ಲಿ ಅಪರಾಧಿಯ ಮೆದುಳು. ಆಕಾರ ನೋಡಿಯೇ ಗುಣ ಹೇಳಬಹುದಂತೆ! ಕದಿಯಲು ಬಂದ ಗೂನುಬೆನ್ನಿನ ಆಳು ಫ್ರಿಟ್ಜ್ ಒಳ್ಳೆಯ ಜಾಡಿಯನ್ನು ಕೈಜಾರಿ ಬೀಳಿಸಿ, ಕೆಟ್ಟದ್ದನ್ನು ಎತ್ತಿಕೊಂಡು ಓಡುತ್ತಾನೆ. ಮುಗೀತು. ಇನ್ನು ಹುಟ್ಟಲಿರುವವನು ಏನೇ ಮಾಡಲಿ, ಕಾರಣ ಜಾಡಿಯಲ್ಲಿದೆ. ಹುಟ್ಟಾ ಕೇಡಿ. ಈ ವಿದ್ಯೆ ನಮಗೆ ಹೊಸದೇನಲ್ಲ. ಈ ಚಿತ್ರ ತೆರೆಕಂಡ ವರ್ಷ ನಮ್ಮ ದೇಶದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಜಾರಿಯಲ್ಲಿತ್ತು. 1871ರಲ್ಲಿ ಬ್ರಿಟಿಷರು ತಂದದ್ದು. ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಬರೆದುಕೊಂಡು ಪೊಲೀಸರ ಮುಂದೆ ಹಾಜರಿ ಹಾಕಿಸುತ್ತಿದ್ದರು. ಅದು ರದ್ದಾದದ್ದು 1952ರಲ್ಲಿ. ಅಲ್ಲಿ ಜಾಡಿ, ಇಲ್ಲಿ ರಿಜಿಸ್ಟರು.

ಆದರೆ ಚಿತ್ರದ ಕ್ಯಾಮೆರಾ ಪ್ರೊಫೆಸರ ಮಾತು ಕೇಳುವುದಿಲ್ಲ. ಹೊಸದಾಗಿ ಹುಟ್ಟಿದವನ ತಲೆಯ ಮೇಲಿನ ಕಿಂಡಿ ತೆರೆದಾಗ ಬೆಳಕು ಬೀಳುತ್ತದೆ. ಅವನು ಎರಡೂ ಕೈ ಎತ್ತಿ ಆ ಬೆಳಕನ್ನು ಹಿಡಿಯಲು ನೋಡ್ತಾನೆ. ಇದೇನಾ ಅಪರಾಧಿಯ ಮೆದುಳು? ಆಮೇಲೆ ಫ್ರಿಟ್ಜ್ ಬರುತ್ತಾನೆ, ಕೈಯಲ್ಲಿ ಚಾಟಿ ಮತ್ತು ಪಂಜು. ಒಡೆಯ ಗದರಿದರೆ ಮುದುರಿಕೊಳ್ಳುವ ಆಳಿಗೆ ತನಗಿಂತ ಕೆಳಗಿನವನೊಬ್ಬ ಸಿಕ್ಕಿದ್ದಾನೆ. ಸರಪಳಿಯಲ್ಲಿ ಬಿಗಿದವನ ಮುಖಕ್ಕೆ ಬೆಂಕಿ ಹಿಡಿದು ಆಡಿಸುತ್ತಾನೆ. ಕೊನೆಗೆ ಅವನ ಕೈಯಲ್ಲೇ ಸಾಯುತ್ತಾನೆ. ಜಾಡಿಯ ಸಿದ್ಧಾಂತವನ್ನು ಬಾಯಲ್ಲಿ ಹೇಳಿ, ಕಣ್ಣಿಗೆ ಬೇರೆಯದನ್ನೇ ತೋರಿಸುತ್ತದೆ ಈ ಚಿತ್ರ. ಗೊತ್ತಿದ್ದು ಮಾಡಿದರೋ ಗೊತ್ತಿಲ್ಲದೆಯೋ, ಅದರ ಆಯಸ್ಸು ಇರುವುದು ಈ ಬಿರುಕಿನಲ್ಲೇ ಅಂತ ನಮಗನ್ನಿಸುತ್ತದೆ.

ಇನ್ನು ಕೆರೆಯ ದಂಡೆಯ ದೃಶ್ಯ. ಮರಿಯಾ ಎಂಬ ಪುಟ್ಟ ಹುಡುಗಿ. ಇಡೀ ಸಿನಿಮಾದಲ್ಲಿ ಅವನನ್ನು ಕಂಡು ಓಡದ, ಹೊಡೆಯದ, ಕೈ ಹಿಡಿದು ಆಟಕ್ಕೆ ಕರೆಯುವ ಒಂದೇ ಜೀವ. ಇಬ್ಬರೂ ಹೂವು ಕಿತ್ತು ನೀರಿಗೆಸೆಯುತ್ತಾರೆ. ಹೂವು ತೇಲುತ್ತದೆ. ಅವನು ನಗುತ್ತಾನೆ. ಹೂವು ಮುಗಿದಾಗ, ಹೂವಿನಂಥ ಹುಡುಗಿಯೂ ತೇಲುತ್ತಾಳೆ ಅಂದುಕೊಂಡು ಅವಳನ್ನೇ ಎತ್ತಿ ನೀರಿಗೆ ಹಾಕುತ್ತಾನೆ. ಅವಳು ಮುಳುಗುತ್ತಾಳೆ. ಅವನಿಗೆ ದಿಕ್ಕೇ ತೋಚದೆ ಅಲ್ಲಿಂದ ಓಡಿಹೋಗುತ್ತಾನೆ.

ಈ ದೃಶ್ಯ ಘೋರವಾಯಿತು ಅಂತ ಕತ್ತರಿ ಹಾಕಿದರು. ಎಲ್ಲಿಗೆ ಹಾಕಿದರು ನೋಡಿ: ಅವನು ಹುಡುಗಿಯ ಕಡೆ ಕೈ ಚಾಚುವಲ್ಲಿಗೆ! ಮುಂದಿನದು ಕಾಣೆ. ಆಮೇಲೆ ನೇರವಾಗಿ ಅಪ್ಪನ ತೋಳಲ್ಲಿ ಹುಡುಗಿಯ ಹೆಣ. ನಡುವೆ ಏನಾಗಿರಬಹುದೆಂದು ಪ್ರೇಕ್ಷಕ ಊಹಿಸಬೇಕು. ಊಹೆ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಭ್ಯತೆ ಕಾಯಲು ಹೊರಟ ಕತ್ತರಿ ಅವನ ತಿಳಿಗೇಡಿತನವನ್ನು ಕತ್ತರಿಸಿ, ಅವನು ಮಾಡದ ಅಪರಾಧವೊಂದನ್ನು ಹೊಲಿದು ಕೊಟ್ಟಿತು. ಆ ತುಣುಕು ಚಿತ್ರಕ್ಕೆ ಮರಳಿದ್ದು 1980ರ ದಶಕದಲ್ಲಿ. ಅಲ್ಲಿವರೆಗೂ ಎಷ್ಟೋ ತಲೆಮಾರು ಅವನನ್ನು ಕಂಡದ್ದು ಆ ಕತ್ತರಿಯ ಮೂಲಕವೇ.

ಅಪ್ಪ ಲುಡ್ವಿಗ್ ಮಗಳ ಹೆಣ ಹೊತ್ತು ಊರೊಳಗೆ ನಡೆಯುತ್ತಾನೆ. ಊರಲ್ಲಿ ಅವತ್ತು ಫ್ರಾಂಕೆನ್‌ಸ್ಟೈನನ ಮದುವೆ. ದೊಡ್ಡಮನೆಯ ಕಡೆಯಿಂದ ಜನಕ್ಕೆಲ್ಲ ಬಿಟ್ಟಿ ಬಿಯರು, ಕುಣಿತ. ಹೆಣ ಹಾದುಹೋದ ಕಡೆಯೆಲ್ಲ ಕುಣಿತ ನಿಲ್ಲುತ್ತದೆ. ಇಲ್ಲಿ ನಾವು ತಡವರಿಸಬೇಕು, ಯಾಕಂದರೆ ಲುಡ್ವಿಗ್‌ನ ಸಂಕಟ ಸುಳ್ಳಲ್ಲ. ಮಗು ಸತ್ತಿದೆ. ಅವನ ಸಿಟ್ಟಿಗೆ ಹಕ್ಕಿದೆ. ಪಂಜು ಹಿಡಿದ ಊರ ಜನರನ್ನು ಬರೀ ಮೂಢರ ಗುಂಪು ಅಂತ ತಳ್ಳಿಹಾಕುವುದು ಪೇಟೆಯಲ್ಲಿ ಕೂತವರಿಗೆ ಸುಲಭ. ಕೇಳಬೇಕಾದ್ದು, ಆ ಸಿಟ್ಟು ಎತ್ತ ಹೋಯಿತು ಅಂತ. ದೊಡ್ಡಮನೆಯ ಬಾಗಿಲು ಅಲ್ಲೇ ಇತ್ತು. ಜನ ಬೆಟ್ಟದ ಕಡೆ ಓಡಿದರು. ಬೇಟೆಗೆ ಹೊರಟ ಮೂರು ತಂಡಗಳಲ್ಲಿ ಒಂದರ ಮುಂದಾಳು ಯಾರು? ಸಾಕ್ಷಾತ್ ಫ್ರಾಂಕೆನ್‌ಸ್ಟೈನ್! ಹೊಣೆ ಹೊರಬೇಕಾದವನೇ ಪಂಜು ಹಿಡಿದು ಮುಂದೆ ನಡೆದ. ಹಿಂದಿದ್ದವರಲ್ಲಿ ಒಬ್ಬನೂ 'ಸ್ವಾಮಿ, ಇವನನ್ನು ಮಾಡಿದ್ದು ಯಾರು' ಅಂತ ಕೇಳಲಿಲ್ಲ. ಹೆಸರಿಲ್ಲದವನು ಗಾಳಿಗಿರಣಿಯೊಳಗೆ ಬೆಂಕಿಯಲ್ಲಿ ಅರಚುತ್ತಾನೆ. ಕೊನೆಯ ದೃಶ್ಯದಲ್ಲಿ ಮಗ ಚೇತರಿಸಿಕೊಳ್ಳುತ್ತಿದ್ದಾನೆ, ಅಪ್ಪ ಬ್ಯಾರನ್ ವೈನಿನ ಲೋಟ ಎತ್ತಿ ವಂಶಕ್ಕೊಂದು ಗಂಡುಕೂಸು ಹಾರೈಸುತ್ತಾನೆ. ಲುಡ್ವಿಗ್‌ನ ಮನೆ ಮತ್ತೆ ತೋರಿಸುವುದಿಲ್ಲ.

ಕೈಯಾರೆ ಮಾಡಿದ್ದರ ಹೊಣೆ ಹೊತ್ತ ವಿಜ್ಞಾನಿ ಈ ಚಿತ್ರಗಳಲ್ಲಿ ಯಾರೂ ಇಲ್ಲವೆ? ಇದ್ದಾನೆ. ಅವನು ಅಣುಬಾಂಬು ತಿಂದ ನೆಲದಿಂದ ಬಂದ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬು ಸಿಡಿಸಿತು. ಹಿರೋಷಿಮಾದ ಬಾಂಬಿಗಿಂತ ಸುಮಾರು 1000 ಪಟ್ಟು ದೊಡ್ಡದು. ಅಪಾಯದ ಗೆರೆಯ ಹೊರಗಿದ್ದ ಜಪಾನಿ ಮೀನುದೋಣಿಯ 23 ಜನರ ಮೇಲೆ ಬಿಳಿ ಬೂದಿ ಸುರಿಯಿತು. ರೇಡಿಯೊ ಆಪರೇಟರ್ ಐಕಿಚಿ ಕುಬೊಯಾಮ ಸೆಪ್ಟೆಂಬರ್ 23ರಂದು ತೀರಿಕೊಂಡ. ನವೆಂಬರ್ 3ಕ್ಕೆ ಇಷಿರೋ ಹೊಂಡಾ ಅವರ 'ಗೊಜಿರಾ' ತೆರೆಕಂಡಿತು. ಶುರುವಿನಲ್ಲೇ ಕಣ್ಣು ಕುಕ್ಕುವ ಬೆಳಕಿಗೆ ಒಂದು ದೋಣಿ ಸುಟ್ಟುಹೋಗುತ್ತದೆ. ಅದು ಯಾವ ದೋಣಿಯೆಂದು ಜಪಾನಿನ ಪ್ರೇಕ್ಷಕರಿಗೆ ಹೇಳಬೇಕಿರಲಿಲ್ಲ. (ಅದೇ ಬೂದಿ ಬಿದ್ದ ರೊಂಗೆಲಾಪ್ ದ್ವೀಪದ ಜನ ಮಾತ್ರ ಈ ಚಿತ್ರದಲ್ಲೂ ಇಲ್ಲ.)

ಬಾಂಬಿನ ಪರೀಕ್ಷೆಯಿಂದ ಎದ್ದ ಆ ಜೀವಿಯನ್ನು ಕೊಲ್ಲುವ ಅಸ್ತ್ರ ಡಾ. ಸೆರಿಜಾವನ ಬಳಿ ಇದೆ. ಒಮ್ಮೆ ಬಳಸಿದರೆ ಆಳುವವರು ಅದನ್ನು ಬಿಡುವುದಿಲ್ಲವೆಂದು ಅವನಿಗೆ ಗೊತ್ತು. ಟಿಪ್ಪಣಿಗಳನ್ನೆಲ್ಲ ಸುಡುತ್ತಾನೆ. ಆದರೆ ತಲೆಯೊಳಗೆ ಉಳಿದದ್ದನ್ನು ಸುಡುವುದು ಹೇಗೆ? ಅಸ್ತ್ರದ ಜೊತೆ ತಾನೂ ಸಮುದ್ರದ ತಳಕ್ಕಿಳಿದು, ತನ್ನ ಉಸಿರಿನ ಕೊಳವೆಯನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ದೊಡ್ಡ ತ್ಯಾಗ, ಒಪ್ಪೋಣ. ಆದರೂ ನಮಗೆ ಸಮಾಧಾನವಿಲ್ಲ. ಬಾಂಬು ಸಿಡಿಸಿದವನು ಸೆರಿಜಾವ ಅಲ್ಲವಲ್ಲ. ಸಿಡಿಸಿದವರು ತೆರೆಯ ಮೇಲೆ ಬರುವುದೇ ಇಲ್ಲ. ಬಾಂಬು ಪರೀಕ್ಷೆ ಮುಂದುವರಿದರೆ ಇನ್ನೊಂದು ಗೊಜಿರಾ ಬಂದೀತೆಂದು ಮುದಿ ವಿಜ್ಞಾನಿ ಕೊನೆಗೆ ಎಚ್ಚರಿಸುತ್ತಾನೆ. 1956ರಲ್ಲಿ ಅಮೆರಿಕದವರು ತಮ್ಮ ನಟನೊಬ್ಬನನ್ನು ತುರುಕಿ ಈ ಚಿತ್ರವನ್ನು ಹೊಸದಾಗಿ ಕಟ್ಟಿದಾಗ ಆ ಎಚ್ಚರಿಕೆ ಮಾಯ. ರೈಲಿನಲ್ಲಿ ಹೆಂಗಸೊಬ್ಬಳು ನಾಗಾಸಾಕಿಯಿಂದ ಪಾರಾಗಿ ಬಂದೆ ಅನ್ನುವ ಮಾತೂ ಮಾಯ. ಮತ್ತದೇ ಕತ್ತರಿ. ರಕ್ಕಸನನ್ನು ಇಟ್ಟುಕೊಂಡರು, ಕಾರಣವನ್ನು ಕಿತ್ತರು.

'ಏಲಿಯನ್'ಗೆ ಬಂದರೆ ಕಾರಣ ಕಂಪ್ಯೂಟರಿನೊಳಗೆ ಬೀಗ ಹಾಕಿಕೊಂಡು ಕೂತಿದೆ. ರಿಡ್ಲಿ ಸ್ಕಾಟ್ ತೆಗೆದ ಈ ಚಿತ್ರದಲ್ಲಿ ವೀರರಿಲ್ಲ, ಕೂಲಿಯವರಿದ್ದಾರೆ. ನಾಸ್ಟ್ರೊಮೊ ಎಂಬ ಬಾಹ್ಯಾಕಾಶದ ಹಡಗು 2 ಕೋಟಿ ಟನ್ ಅದಿರು ಎಳೆದುಕೊಂಡು ಊರಿಗೆ ಹೊರಟಿದೆ. ಏಳು ಜನ ಸಿಬ್ಬಂದಿ. ಕೆಳಗೆ ಎಂಜಿನ್ ನೋಡಿಕೊಳ್ಳುವ ಪಾರ್ಕರ್, ಬ್ರೆಟ್‌ಗೆ ಉಳಿದವರ ಅರ್ಧ ಪಾಲು. ಎಚ್ಚರವಾದ ಕೂಡಲೇ ಅವರೆತ್ತುವುದು ಬೋನಸ್ ಮಾತು. ಗೊತ್ತಿಲ್ಲದ ಗ್ರಹದಿಂದ ಸಂಕೇತ ಬಂದಾಗ, ಇದು ನಮ್ಮ ಕೆಲಸವಲ್ಲ ಅನ್ನುತ್ತಾನೆ ಪಾರ್ಕರ್. ಹೋಗದಿದ್ದರೆ ಪಾಲೆಲ್ಲ ಖೋತಾ ಅಂತ ಕರಾರು ತೋರಿಸುತ್ತಾನೆ ವಿಜ್ಞಾನದ ಅಧಿಕಾರಿ ಆ್ಯಶ್. ಆ ಪ್ರಾಣಿ ಹಡಗಿಗೆ ಬಂದದ್ದು ಹೀಗೆ, ಕರಾರಿನ ಒಂದು ಕಲಮಿನ ಮೇಲೆ ಕೂತು.

ಒಬ್ಬೊಬ್ಬರೇ ಸಾಯುತ್ತಿರುವಾಗ ರಿಪ್ಲಿ ಎಂಬಾಕೆ ಕಂಪ್ಯೂಟರಿನ ಬಾಯಿ ಬಿಡಿಸುತ್ತಾಳೆ. ಪ್ರಾಣಿಯನ್ನು ಜೀವಂತ ತರಬೇಕು, ಸಿಬ್ಬಂದಿ ಹೋದರೂ ಚಿಂತಿಲ್ಲ. ಇದು ಕಂಪನಿಯ ಆಜ್ಞೆ. ಆ್ಯಶ್ ಮನುಷ್ಯನೇ ಅಲ್ಲ, ಕಂಪನಿ ಕಳಿಸಿದ ಯಂತ್ರ. 1931ರ ಒಡೆಯನಿಗೆ ಮನೆಯಿತ್ತು, ಮದುವೆಯಿತ್ತು, ತಟ್ಟಲು ಒಂದು ಬಾಗಿಲಾದರೂ ಇತ್ತು. ಈ ಒಡೆಯನಿಗೆ ಮುಖವೇ ಇಲ್ಲ. ಪಾರ್ಕರ್ ಬೆಂಕಿ ಉಗುಳುವ ಬಂದೂಕು ಹಿಡಿದು ಆ ಯಂತ್ರದ ರುಂಡವನ್ನು ಸುಡುತ್ತಾನೆ. ಬೆಂಕಿ ಮೊದಲ ಸಲ ಮೇಲಿನವರ ಕಡೆ ತಿರುಗಿತು. ಸುಟ್ಟದ್ದು ಮಾತ್ರ ಕಂಪನಿಯ ಇನ್ನೊಬ್ಬ ಆಳನ್ನು. ಆಮೇಲೆ ಪಾರ್ಕರನೂ ಸಾಯುತ್ತಾನೆ.

ಕೊನೆಗೆ ಉಳಿದ ರಿಪ್ಲಿ ವರದಿ ಒಪ್ಪಿಸುತ್ತಾಳೆ. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾಳೆ. 1986ರಲ್ಲಿ ಜೇಮ್ಸ್ ಕ್ಯಾಮರೂನ್ ತೆಗೆದ ಮುಂದಿನ ಭಾಗದಲ್ಲಿ ಆಕೆ ಕಂಪನಿಯ ದೊಡ್ಡ ಮೇಜಿನ ಮುಂದೆ ಬಂದು ನಿಲ್ಲುತ್ತಾಳೆ. ಅಲ್ಲಿ ನಡೆಯುವುದು ಕಂಪನಿಯ ವಿಚಾರಣೆಯಲ್ಲ, ಆಕೆಯದೇ. ಹಡಗು ಸ್ಫೋಟಿಸಿದ್ದರ ನಷ್ಟ 4 ಕೋಟಿ 20 ಲಕ್ಷ ಡಾಲರ್, ಅದಿರಿನ ಲೆಕ್ಕ ಬೇರೆ ಅಂತ ತಿಳಿಸಿ, ಆಕೆಯ ಲೈಸೆನ್ಸು ಕಿತ್ತುಕೊಳ್ಳುತ್ತಾರೆ.